ಹಾಡಿನ ಸ್ಪರ್ಧೆಯಲ್ಲಿ ಹೊಸ ಹಾಡಿಗೂ ಜಾಗ ಕೊಡಿ

ಮಾನ್ಯ ಸಂಪಾದಕರೇ,

ನನ್ನ ಹತ್ತಿರ ಸುಗಮ ಸಂಗೀತ ಕಲಿಯುವ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕಳೆದ ಶನಿವಾರ ತಾನೇ ಬರೆದು ರಾಗ ಹಾಕಿದ ಹಾಡು ತಂದಿದ್ದಳು. ಮಳೆಗಾಲದಲ್ಲಿ ಕರೆಂಟ್ ಹೋದ ರಾತ್ರಿಯ ಹಾಡು. ತುಂಬಾ ಚೆನ್ನಾಗಿತ್ತು. "ಟೀಚರ್, ಇದನ್ನು ಟಿವಿ ಸ್ಪರ್ಧೆಯಲ್ಲಿ ಹಾಡಬಹುದಾ?" ಎಂದು ಕೇಳಿದಳು. ಆಗಲ್ಲಮ್ಮ, ಅಲ್ಲಿ ಜನಕ್ಕೆ ಗೊತ್ತಿರುವ ಸಿನಿಮಾ ಹಾಡೇ ಬೇಕು ಎಂದೆ. ಅಷ್ಟು ಹೇಳಿ ನನಗೇ ಬೇಜಾರಾಯಿತು.

ಹಿಂದಿಯ ಸರಿಗಮಪ 1995ರಲ್ಲಿ, ಇಂಡಿಯನ್ ಐಡಲ್ 2004ರಲ್ಲಿ ಶುರುವಾದವು. ಇವುಗಳಿಂದ ಒಳ್ಳೆಯದಾಗಿಲ್ಲ ಎನ್ನಲಾರೆ. ಶ್ರೇಯಾ ಘೋಷಾಲ್, ನಮ್ಮ ಮೈಸೂರಿನ ವಿಜಯ ಪ್ರಕಾಶ್ ಇಬ್ಬರೂ ಸರಿಗಮಪ ವೇದಿಕೆಯಲ್ಲಿ ಹಾಡಿ ಬಂದವರು. ಆದರೆ ಇವು ಹಾಡುವವರ ಸ್ಪರ್ಧೆಗಳು, ಹಾಡಿನ ಸ್ಪರ್ಧೆಗಳಲ್ಲ. ಪದ ಬರೆದವರು ಯಾರು, ರಾಗ ಹಾಕಿದವರು ಯಾರು ಅಂತ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ.

ಇಟಲಿಯಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಫೆಬ್ರವರಿಯಲ್ಲಿ, ಸಾನ್‌ರೆಮೋ ಹಾಡಿನ ಹಬ್ಬವನ್ನು ಟಿವಿಯಲ್ಲಿ ನೋಡಿದೆ. 1951ರಲ್ಲಿ ರೇಡಿಯೊದಲ್ಲಿ ಶುರುವಾದ ಈ ಸ್ಪರ್ಧೆ 1955ರಿಂದ ಟಿವಿಯಲ್ಲೂ ಬರುತ್ತಿದೆ. ನಡೆಸುವುದು ಅಲ್ಲಿನ ಸಾರ್ವಜನಿಕ ವಾಹಿನಿ ರಾಯ್. ಐದು ರಾತ್ರಿ ನಡೆಯುತ್ತದೆ. ಸ್ಪರ್ಧೆಯ ಹಾಡು ಹೊಸದಾಗಿರಲೇಬೇಕು. ಗಾಯಕರು ವೇದಿಕೆಗೆ ಬರುವ ಮೊದಲು ಹಾಡು ಕಟ್ಟಿದವರ ಹೆಸರು ಹೇಳುತ್ತಾರೆ, ಆರ್ಕೆಸ್ಟ್ರಾ ನಡೆಸುವವರ ಹೆಸರನ್ನೂ ಬಿಡುವುದಿಲ್ಲ. ನನಗೆ ಇಟಾಲಿಯನ್ ಒಂದಕ್ಷರ ಬರಲ್ಲ. ಆದರೂ ಆ ಹೆಸರುಗಳನ್ನು ಕೇಳುವಾಗ ಕಣ್ಣು ತುಂಬಿ ಬಂತು. 1956ರಲ್ಲಿ ಯುರೋಪಿನ ದೇಶಗಳ ನಡುವಿನ ಹಾಡಿನ ಸ್ಪರ್ಧೆ ಯೂರೋವಿಷನ್ ಹುಟ್ಟಿದ್ದೂ ಈ ಹಬ್ಬದ ಮಾದರಿಯಲ್ಲೇ. ಸ್ವೀಡನ್ನಿನ ಅಬ್ಬಾ ತಂಡ 1974ರಲ್ಲಿ ಮೊದಲು ತನ್ನ ದೇಶದ ಸ್ಪರ್ಧೆ, ಆಮೇಲೆ ಯೂರೋವಿಷನ್ ಗೆದ್ದಿದ್ದು ಹೊಸ ಹಾಡಿನಿಂದಲೇ.

ನಮ್ಮಲ್ಲೇನು ಕಡಿಮೆ ಇದೆ? ಕವಿ ಬರೆದಿದ್ದಕ್ಕೆ ರಾಗ ಕಟ್ಟಿ ಊರೂರಲ್ಲಿ ಹಾಡಿದ ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಅವರಂಥವರ ನಾಡು ಇದು. 1978ರಲ್ಲಿ ನಿಸಾರ್ ಅಹಮದ್ ಅವರ 'ನಿತ್ಯೋತ್ಸವ' ಕ್ಯಾಸೆಟ್ ಆಗಿ ಬಂತು. ಅದಕ್ಕೆ ಸಿನಿಮಾ ಇರಲಿಲ್ಲ, ಹೀರೋ ಇರಲಿಲ್ಲ. ಆದರೂ ಮನೆಮನೆಯಲ್ಲಿ ಕೇಳಿದರು, ಅಲ್ವಾ? ಎಸ್‌ಪಿಬಿ ಅವರು ನಡೆಸುತ್ತಿದ್ದ 'ಎದೆ ತುಂಬಿ ಹಾಡುವೆನು' ಟಿವಿ ಸ್ಪರ್ಧೆಯ ಹೆಸರು ಕೇಳಿದರೂ ಜಿ.ಎಸ್. ಶಿವರುದ್ರಪ್ಪನವರ ಕವಿತೆಯೇ ನೆನಪಾಗುತ್ತದೆ.

ಖಾಸಗಿ ವಾಹಿನಿಗಳಿಗೆ ಜಾಹೀರಾತಿನ ಲೆಕ್ಕ ಇರುತ್ತದೆ. ಹೊಸ ಹಾಡು ಹಾಕಿದರೆ ಜನ ಚಾನೆಲ್ ಬದಲಿಸುತ್ತಾರೆ ಎಂಬ ಭಯ ಅವರಿಗೆ. ಅವರು ಸದ್ಯಕ್ಕೆ ಬರೆದವರ, ರಾಗ ಹಾಕಿದವರ ಹೆಸರನ್ನು ಬಾಯಿಬಿಟ್ಟು ಹೇಳಲಿ, ಅಷ್ಟು ಸಾಕು. ಹೊಸ ಹಾಡಿನ ಕೆಲಸವನ್ನು ದೂರದರ್ಶನ ಕೈಗೆತ್ತಿಕೊಳ್ಳಬೇಕು. ಅದಕ್ಕೆ ಹಲವು ಭಾಷೆಗಳಲ್ಲಿ ವಾಹಿನಿಗಳಿವೆ. ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ 22 ಭಾಷೆಗಳಿವೆ. ಭಾಷೆಗೊಂದು ಹೊಸ ಹಾಡು ಆರಿಸಿ ದೆಹಲಿಯಲ್ಲಿ ಸೇರಿಸಿದರೆ ಅದೇ ನಿಜವಾದ ರಾಷ್ಟ್ರೀಯ ಸ್ಪರ್ಧೆ. ತುಳು, ಕೊಡವ ಭಾಷೆಗಳು ಆ ಪಟ್ಟಿಯಲ್ಲಿ ಇಲ್ಲ. ಅವನ್ನೂ ಕರೆಯಬೇಕು. ಬಹುಮಾನ ಬರೆದವರಿಗೆ, ರಾಗ ಹಾಕಿದವರಿಗೆ, ಹಾಡಿದವರಿಗೆ ಸಮನಾಗಿ ಹಂಚಬೇಕು.

ದೆಹಲಿಯವರು ಮನಸ್ಸು ಮಾಡುವ ತನಕ ಕಾಯಬೇಕಿಲ್ಲ. ನಮ್ಮ ಚಂದನ ವಾಹಿನಿ ಕನ್ನಡದಲ್ಲಿ ಈ ವರ್ಷವೇ ಶುರು ಮಾಡಬಹುದು. ಮೊದಲ ವರ್ಷಕ್ಕೆ ಹತ್ತು ಹಾಡು ಸಾಕು.

ಇತಿ,
ಒಬ್ಬ ಸಂಗೀತ ಶಿಕ್ಷಕಿ, ಶಿವಮೊಗ್ಗ