ಈ ಸಲ ಅಜ್ಜಿ ತಾತನಿಗೆ ಮಕ್ಕಳೇ ಗೈಡ್

ಕೂಟದ ಬಂಧುಗಳೇ, ನಮಸ್ಕಾರ.

ಬೇಸಿಗೆ ರಜೆ ಹತ್ತಿರ ಬಂತು. ಹಲವರ ಮನೆಗೆ ಊರಿಂದ ಅಪ್ಪ ಅಮ್ಮ ಬರುವ ಸಮಯವೂ ಇದೇ. ಯುಗಾದಿ ಊಟದ ಸಾಲಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, "ಈ ಸಲ ಎಲ್ಲಿಗೆ ಹೋಗ್ತೀರಿ?" ಉತ್ತರವೂ ಹೆಚ್ಚುಕಡಿಮೆ ಒಂದೇ. ನ್ಯೂಯಾರ್ಕ್, ವಾಷಿಂಗ್ಟನ್, ನಯಾಗರ ಸೇರಿ ಐದು ದಿನ. ಇಲ್ಲವೇ ಲಾಸ್ ವೇಗಸ್‌ನಿಂದ ಬೆಳಿಗ್ಗೆ ಹೊರಟು ಗ್ರ್ಯಾಂಡ್ ಕ್ಯಾನಿಯನ್ ನೋಡಿ ರಾತ್ರಿಗೆ ವಾಪಸ್.

ದೊಡ್ಡವರ ಆಸೆ ನನಗೆ ಅರ್ಥವಾಗುತ್ತದೆ. ಕೆಲಸಕ್ಕೆ ರಜೆ ಸಿಗುವುದೇ ಕಡಿಮೆ. ಅಪ್ಪ ಅಮ್ಮನಿಗೆ ಇನ್ನೊಂದು ಸಲ ಬರಲು ಆಗುತ್ತದೋ ಇಲ್ಲವೋ, ಬಂದಾಗಲೇ ಎಲ್ಲ ತೋರಿಸಿಬಿಡೋಣ ಅನ್ನಿಸುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ವೇಗಸ್‌ನಿಂದ ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯ ದಕ್ಷಿಣ ಅಂಚಾದ ಸೌತ್ ರಿಮ್‌ಗೆ ಸುಮಾರು 280 ಮೈಲಿ. ಹೋಗಿ ಬರುವುದಕ್ಕೇ ಒಂಬತ್ತು ಗಂಟೆ ಕಾರಿನಲ್ಲಿ ಕೂರಬೇಕು. ಏಳು ವರ್ಷದ ಮಗುವಿಗೂ ಎಪ್ಪತ್ತು ವರ್ಷದ ತಾತನಿಗೂ ಆ ದಿನದಿಂದ ನೆನಪಿನಲ್ಲಿ ಉಳಿಯುವುದು ಹಿಂದಿನ ಸೀಟು ಮಾತ್ರ. ಈ ಬೇಸಿಗೆಗೆ ನಾನು ಕೇಳಿಕೊಳ್ಳುವುದು ಇಷ್ಟೇ. ಪಟ್ಟಿಯಿಂದ ಎರಡು ಊರು ತೆಗೆದುಹಾಕಿ. ಉಳಿದ ಒಂದು ಜಾಗದಲ್ಲಿ ಮೂರು ದಿನ ಇರಿ. ಆ ಜಾಗವನ್ನು ಅಜ್ಜಿ ತಾತನಿಗೆ ತೋರಿಸುವ ಕೆಲಸವನ್ನು ಮಕ್ಕಳಿಗೆ ಕೊಡಿ.

ಗ್ರ್ಯಾಂಡ್ ಕ್ಯಾನಿಯನ್ನನ್ನೇ ತೆಗೆದುಕೊಳ್ಳೋಣ. ಅಂಚಿನಲ್ಲಿ ನಿಂತು ನೋಡಿದರೆ ಹತ್ತು ನಿಮಿಷ ಬೆರಗಾಗುತ್ತದೆ. ಆಮೇಲೆ ಮಗು "ಈಗ ಏನ್ಮಾಡೋದು?" ಅನ್ನುತ್ತದೆ. ಆಗ ಸೌತ್ ರಿಮ್‌ನಲ್ಲಿ ಯಾವಪಾಯ್ ಭೂವಿಜ್ಞಾನ ಮ್ಯೂಸಿಯಂ ಹತ್ತಿರ ಶುರುವಾಗುವ 'ಟ್ರೇಲ್ ಆಫ್ ಟೈಮ್' ದಾರಿಗೆ ಕರೆದುಕೊಂಡು ಹೋಗಿ. ಅಲ್ಲಿ ಒಂದು ಮೀಟರ್ ಅಂದರೆ 10 ಲಕ್ಷ ವರ್ಷ. ಹತ್ತು ಹತ್ತು ಮೀಟರಿಗೆ ನೆಲದಲ್ಲಿ ಕಂಚಿನ ಗುರುತು ಇದೆ. ಕಣಿವೆಯ ಬೇರೆ ಬೇರೆ ಪದರಗಳಿಂದ ತಂದ ಬಂಡೆಗಳನ್ನು ಅವುಗಳ ವಯಸ್ಸಿನ ಜಾಗದಲ್ಲಿ ಇಟ್ಟಿದ್ದಾರೆ. ಮುಟ್ಟಬಹುದು, ಸವರಬಹುದು. ದಾರಿಗೆ ಟಾರು ಹಾಕಿದ್ದಾರೆ, ಏರು ಇಳಿವು ಕಡಿಮೆ. ಮಂಡಿನೋವು ಇರುವವರೂ ಸುಧಾರಿಸಿಕೊಂಡು ನಡೆಯಬಹುದು.

ಮಗುವಿನ ಕೈಗೆ ಶಾಲೆಯ 30 ಸೆಂಟಿಮೀಟರ್ ಸ್ಕೇಲ್ ಒಂದನ್ನು ಕೊಡಿ. ದಾರಿ ಶುರುವಾಗುವ ಕಡೆ, ಅಂದರೆ 'ಇವತ್ತು' ಅನ್ನುವ ಜಾಗದಲ್ಲಿ, ಅದನ್ನು ನೆಲಕ್ಕೆ ಇಡಲಿ. ನಮ್ಮ ಮನುಷ್ಯ ಜಾತಿ ಭೂಮಿಯ ಮೇಲೆ ಇದ್ದಿದ್ದೆಲ್ಲ ಆ ಸ್ಕೇಲಿನಷ್ಟೇ, ಸುಮಾರು 3 ಲಕ್ಷ ವರ್ಷ. ಕೊಲೊರಾಡೊ ನದಿ ಈ ಕಣಿವೆ ಕೊರೆಯಲು ಶುರುಮಾಡಿದ್ದು ಐದಾರು ದೊಡ್ಡ ಹೆಜ್ಜೆಯಷ್ಟು ಹಿಂದೆ. ಡೈನೋಸಾರ್‌ಗಳು ಅಳಿದದ್ದು 66ನೇ ಮೀಟರಿನಲ್ಲಿ. ನಾವು ನಿಂತಿರುವ ಅಂಚಿನ ಸುಣ್ಣಕಲ್ಲು 270ರ ಹತ್ತಿರ ಸಿಗುತ್ತದೆ. ಕಣಿವೆಯ ತಳದಲ್ಲಿ ಕಪ್ಪಗೆ ಕಾಣುವ ಬಂಡೆ ಬರುವ ಹೊತ್ತಿಗೆ 1,700 ಮೀಟರ್ ದಾಟಿರುತ್ತೇವೆ. ಆ ಬಂಡೆಯ ಹೆಸರು ವಿಷ್ಣು ಶಿಸ್ಟ್ (ಶಿಸ್ಟ್ ಅಂದರೆ ಪದರ ಪದರವಾಗಿರುವ ಒಂದು ಬಗೆಯ ಬಂಡೆ)! ಎದುರಿಗೆ ಕಾಣುವ ಶಿಖರಗಳಲ್ಲಿ ವಿಷ್ಣು, ಬ್ರಹ್ಮ, ಶಿವ ಟೆಂಪಲ್ ಅನ್ನುವ ಹೆಸರಿನವೂ ಇವೆ. 1880ರ ದಶಕದಲ್ಲಿ ಇಲ್ಲಿ ಸರ್ವೆ ಮಾಡಿದ ಭೂವಿಜ್ಞಾನಿ ಕ್ಲಾರೆನ್ಸ್ ಡಟನ್ ಇಂಥ ಹೆಸರಿಡುವ ರೂಢಿ ಹಾಕಿದ. ಅಜ್ಜಿಗೆ ಇದನ್ನು ಮೊಮ್ಮಗಳೇ ಹೇಳಲಿ.

ಆಮೇಲೆ ತಾತನ ಸರದಿ. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಅದನ್ನು ಇದೇ ದಾರಿಯಲ್ಲಿ ಇಡಬೇಕಾದರೆ 3 ಕಿಲೋಮೀಟರ್ ನಡೆಯಬೇಕು. ವಿಷ್ಣು ಶಿಸ್ಟ್ ಇನ್ನೂ ಹುಟ್ಟುವ ಮೊದಲೇ ನಮ್ಮ ಲಾಲ್‌ಬಾಗ್ ಬಂಡೆಗೆ 100 ಕೋಟಿ ವರ್ಷಕ್ಕಿಂತ ಜಾಸ್ತಿ ವಯಸ್ಸಾಗಿತ್ತು. ತಾತ ಎಷ್ಟೋ ಸಲ ಹತ್ತಿ ಇಳಿದಿರುವ ಬಂಡೆ ಅದು. ಊರಿಗೆ ಹೋದಾಗ ಅದನ್ನು ಮತ್ತೆ ನೋಡಬೇಕು ಅಂತ ಮಗುವಿಗೆ ತಾನಾಗಿಯೇ ಅನ್ನಿಸುತ್ತದೆ.

ಗಮನಿಸಿ, ಇಲ್ಲಿ ಕನ್ನಡವೂ ಕೆಲಸ ಮಾಡುತ್ತಿದೆ. ರೇಂಜರ್, ಅಂದರೆ ಉದ್ಯಾನದ ಸಿಬ್ಬಂದಿ, ಇಂಗ್ಲಿಷ್‌ನಲ್ಲಿ ಹೇಳಿದ್ದನ್ನು ಅಜ್ಜಿಗೆ ತಲುಪಿಸಬೇಕಾದರೆ ಮಗು ಕನ್ನಡದ ಮಾತು ಹುಡುಕಬೇಕು. 'ಪದರ', 'ಬಂಡೆ', 'ಕೊರೆಯೋದು', 'ಸವೆಯೋದು' ಇವು ನಮ್ಮ ಕನ್ನಡ ಕಲಿ ತರಗತಿಯ ಪಾಠದಲ್ಲಿ ಬರುವ ಮಾತುಗಳಲ್ಲ. ಬೇಕಾದಾಗ ಕಲಿತರೆ ಮರೆಯುವುದೂ ಇಲ್ಲ. ನಡುವೆ ತಡವರಿಸಿದರೆ ತಕ್ಷಣ ಬಾಯಿ ಹಾಕಬೇಡಿ. ಅಜ್ಜಿ ಕಾಯುತ್ತಾರೆ.

ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವವರು ಮಕ್ಕಳ ಕೈಗೆ ಗಡಿಯಾರ ಕೊಡಿ. ಅಲ್ಲಿನ ಓಲ್ಡ್ ಫೇತ್‌ಫುಲ್ ಬಿಸಿನೀರಿನ ಬುಗ್ಗೆ ಮುಂದಿನ ಸಲ ಯಾವಾಗ ಚಿಮ್ಮುತ್ತದೆ ಅನ್ನುವುದು ಈಗ ಎಷ್ಟು ಹೊತ್ತು ಚಿಮ್ಮಿತು ಅನ್ನುವುದರ ಮೇಲೆ ನಿಂತಿದೆ. ಎರಡೂವರೆ ನಿಮಿಷಕ್ಕಿಂತ ಕಡಿಮೆ ಇದ್ದರೆ ಒಳಗೆ ಬಿಸಿನೀರು ಇನ್ನೂ ಉಳಿದಿರುತ್ತದೆ, ಸುಮಾರು ಒಂದು ಗಂಟೆಯ ಮೇಲೆ ಸ್ವಲ್ಪ ಹೊತ್ತಿನಲ್ಲಿ ಮತ್ತೆ ಬರುತ್ತದೆ. ಜಾಸ್ತಿ ಹೊತ್ತು ಚಿಮ್ಮಿದ್ದರೆ ಮತ್ತೆ ತುಂಬಿ ಕಾಯಲು ಒಂದೂವರೆ ಗಂಟೆ ಬೇಕು. ರೇಂಜರ್‌ಗಳು ಬೋರ್ಡಿನಲ್ಲಿ ಹಾಕುವ ಸಮಯದಲ್ಲಿ ಹತ್ತು ನಿಮಿಷ ಹಿಂದು ಮುಂದು ಆಗಬಹುದು. ಮಗು ತನ್ನ ಲೆಕ್ಕವನ್ನು ಮೊದಲೇ ಬರೆದಿಡಲಿ, ಬೋರ್ಡಿನ ಜೊತೆ ಹೋಲಿಸಿ ನೋಡಲಿ. ಬೆಂಚಿನ ಮೇಲೆ ಕೂತು ಕಾಯುವುದು ಆಗ ಬೇಜಾರಲ್ಲ. ಒಂದು ಎಚ್ಚರ ಮಾತ್ರ ಹೇಳಲೇಬೇಕು. ಅಲ್ಲಿ ಬೈಸನ್ ಅನ್ನುವ ಕಾಡೆಮ್ಮೆಯಿಂದ 25 ಗಜ, ಕರಡಿ ಮತ್ತು ತೋಳದಿಂದ 100 ಗಜ ದೂರ ಇರಬೇಕೆಂಬ ನಿಯಮ ಇದೆ. ಫೋಟೋಗಾಗಿ ಮಕ್ಕಳನ್ನು ಇನ್ನೂ ಹತ್ತಿರ ನಿಲ್ಲಿಸಬೇಡಿ.

ನಯಾಗರವನ್ನು ಬಿಡಲು ಮನಸ್ಸಿಲ್ಲವೇ? ಹಾಗಾದರೆ ಅಲ್ಲೇ ಎರಡು ರಾತ್ರಿ ಇರಿ. ಜಲಪಾತದ ನೀರು ರಾತ್ರಿ ಎಲ್ಲಿಗೆ ಹೋಗುತ್ತದೆ ಅಂತ ಮಕ್ಕಳನ್ನು ಕೇಳಿ. 1950ರ ಅಮೆರಿಕ–ಕೆನಡಾ ಒಪ್ಪಂದದ ಪ್ರಕಾರ ಪ್ರವಾಸದ ದಿನಗಳಲ್ಲಿ ಹಗಲು ಕನಿಷ್ಠ 1 ಲಕ್ಷ ಕ್ಯೂಸೆಕ್ ನೀರು ಧುಮುಕಬೇಕು. ರಾತ್ರಿ ಅದರ ಅರ್ಧ ಸಾಕು. ಉಳಿದದ್ದು ವಿದ್ಯುತ್ ತಯಾರಿಕೆಗೆ ಹೋಗುತ್ತದೆ. ಕ್ಯೂಸೆಕ್ ಅಂದರೆ ಏನು ಅಂತ ಕೇಳಲು ನಮ್ಮ ಮನೆಯ ಹಿರಿಯರಿಗಿಂತ ಒಳ್ಳೆಯ ಮೇಷ್ಟ್ರು ಸಿಗುವುದಿಲ್ಲ. ಮಳೆಗಾಲದಲ್ಲಿ ದಿನಾ ಬೆಳಿಗ್ಗೆ ಪತ್ರಿಕೆಯಲ್ಲಿ ಕೆಆರ್‌ಎಸ್ ಒಳಹರಿವು ನೋಡುತ್ತಾ ಬೆಳೆದವರಲ್ವಾ ಅವರು! ಮಾತು ಅಲ್ಲಿಂದ ಶಿವನಸಮುದ್ರಕ್ಕೆ ಹೋಗಲಿ. 1902ರಲ್ಲೇ ಅಲ್ಲಿನ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹರಿದ ಕಥೆಗೆ ಹೋಗಲಿ.

ರಾಷ್ಟ್ರೀಯ ಉದ್ಯಾನಗಳಲ್ಲಿ ಜೂನಿಯರ್ ರೇಂಜರ್ ಪುಸ್ತಕವನ್ನು ಮರೆಯಬೇಡಿ. ಹೆಚ್ಚಿನ ಕಡೆ ವಿಸಿಟರ್ ಸೆಂಟರ್‌ನಲ್ಲಿ ಬಿಟ್ಟಿಯಾಗಿ ಕೊಡುತ್ತಾರೆ. ಮಗು ಅದನ್ನು ತುಂಬಿ ತಂದರೆ ರೇಂಜರ್ ಕೂತು ನೋಡಿ, ಪ್ರಶ್ನೆ ಕೇಳಿ, ಬಲಗೈ ಎತ್ತಿಸಿ ಪ್ರತಿಜ್ಞೆ ಹೇಳಿಸಿ ಬ್ಯಾಡ್ಜ್ ಕೊಡುತ್ತಾರೆ. ದಯವಿಟ್ಟು ಉತ್ತರಗಳನ್ನು ನೀವು ತುಂಬಿಕೊಡಬೇಡಿ. ಆ ಬ್ಯಾಡ್ಜ್ ಮಗುವಿನ ದುಡಿಮೆ ಆಗಿರಬೇಕು.

ರಾತ್ರಿಗೂ ಒಂದು ಕಾರ್ಯಕ್ರಮ ಇಟ್ಟುಕೊಳ್ಳಿ. ನಗರದ ಬೆಳಕಿನಲ್ಲಿ ಬೆಳೆಯುವ ನಮ್ಮ ಮಕ್ಕಳು ಆಕಾಶಗಂಗೆಯನ್ನು ಕಣ್ಣಾರೆ ನೋಡುವುದು ಅಪರೂಪ. ಗ್ರ್ಯಾಂಡ್ ಕ್ಯಾನಿಯನ್, ಬ್ರೈಸ್ ಕ್ಯಾನಿಯನ್, ಡೆತ್ ವ್ಯಾಲಿ ಇವೆಲ್ಲ ಕತ್ತಲೆ ಆಕಾಶಕ್ಕೆ ಮಾನ್ಯತೆ ಪಡೆದ ಜಾಗಗಳು. ಅಡುಗೆಮನೆಯಲ್ಲಿ ತೂಗುಹಾಕಿರುವ ಕನ್ನಡ ಕ್ಯಾಲೆಂಡರ್‌ನಲ್ಲಿ ಅಮಾವಾಸ್ಯೆ ನೋಡಿ ಪ್ರಯಾಣ ಗೊತ್ತುಮಾಡಿ. ಅಮಾವಾಸ್ಯೆ ದಿನ ಹೊರಡಲು ಮನೆಯ ಹಿರಿಯರು ಒಪ್ಪದಿದ್ದರೆ ಎರಡು ದಿನ ಮೊದಲೇ ಹೋಗಿ ಸೇರಿಕೊಳ್ಳಿ. ಬೇಸಿಗೆಯ ಸಂಜೆ ವಾಯವ್ಯದಲ್ಲಿ ಸಪ್ತರ್ಷಿ ಮಂಡಲ ಚೆನ್ನಾಗಿ ಕಾಣುತ್ತದೆ. ಅದರ ಬಾಲದ ನಡುವಿನ ನಕ್ಷತ್ರ ವಸಿಷ್ಠ, ಪಕ್ಕದಲ್ಲೇ ಚಿಕ್ಕದಾಗಿ ಮಿನುಗುವುದು ಅರುಂಧತಿ. ಮದುವೆಯ ದಿನ ನಡುಹಗಲಲ್ಲಿ ಅರುಂಧತಿ ನಕ್ಷತ್ರ ನೋಡಿದ ಅಜ್ಜಿ, ಇಲ್ಲಿ ಅದನ್ನು ನಿಜವಾಗಿ ಬೆರಳು ತೋರಿಸಿ ಹೇಳಬಹುದು.

ಇನ್ನು ಖರ್ಚು ಮತ್ತು ಬುಕಿಂಗ್ ವಿಷಯ. ನಾಲ್ಕನೇ ತರಗತಿಯ ಮಕ್ಕಳಿಗೆ 'ಎವೆರಿ ಕಿಡ್ ಔಟ್‌ಡೋರ್ಸ್' ಪಾಸ್ ಇದೆ. ಅದರಿಂದ ರಾಷ್ಟ್ರೀಯ ಉದ್ಯಾನಗಳಿಗೆ ಇಡೀ ಕುಟುಂಬಕ್ಕೆ ಸಾಮಾನ್ಯವಾಗಿ ಪ್ರವೇಶ ಉಚಿತ. ಸೆಪ್ಟೆಂಬರ್‌ನಿಂದ ಮುಂದಿನ ಆಗಸ್ಟ್ 31ರವರೆಗೆ ನಡೆಯುತ್ತದೆ, ಹಾಗಾಗಿ ಈಗಷ್ಟೇ ನಾಲ್ಕನೇ ತರಗತಿ ಮುಗಿಸುವವರಿಗೂ ಈ ಬೇಸಿಗೆ ಸಿಗುತ್ತದೆ. ಪ್ರಿಂಟ್ ತೆಗೆದು ಕಾರಿನಲ್ಲಿ ಇಟ್ಟುಕೊಳ್ಳಿ. ಉದ್ಯಾನದ ಒಳಗಿನ ಲಾಡ್ಜ್‌ಗಳು ತಿಂಗಳುಗಟ್ಟಲೆ ಮೊದಲೇ ತುಂಬಿಹೋಗುತ್ತವೆ. ಸಿಗದಿದ್ದರೆ ಹತ್ತಿರದ ಊರಲ್ಲಿ ಅಡುಗೆಮನೆ ಇರುವ ರೂಮು ನೋಡಿ, ಹಿರಿಯರಿಗೆ ಅನ್ನ ಸಾರು ಸಿಕ್ಕರೆ ಅರ್ಧ ಆಯಾಸ ಕಡಿಮೆ. ಸೌತ್ ರಿಮ್ ಸಮುದ್ರಮಟ್ಟದಿಂದ ಸುಮಾರು 7,000 ಅಡಿ ಎತ್ತರದಲ್ಲಿದೆ. ಮೊದಲ ದಿನ ಜಾಸ್ತಿ ನಡೆಸಬೇಡಿ. ಬೇಸಿಗೆಯಲ್ಲಿ ಮಕ್ಕಳನ್ನು ಕಣಿವೆಯ ತಳಕ್ಕೆ ಇಳಿಸುವ ಯೋಚನೆಯಂತೂ ಬೇಡ, ಅಲ್ಲಿ ಬಿಸಿಲು 100 ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತದೆ.

ದೂರ ಹೋಗಲು ಆಗದವರು ಹತ್ತಿರದ ವಿಜ್ಞಾನ ಮ್ಯೂಸಿಯಂ ಸದಸ್ಯತ್ವ ನೋಡಿ. ಒಂದು ಮ್ಯೂಸಿಯಂನ ಸದಸ್ಯತ್ವವನ್ನು ಇನ್ನೊಂದು ಕಡೆಯೂ ಒಪ್ಪುವ 'ಪಾಸ್‌ಪೋರ್ಟ್' ಯೋಜನೆಯಲ್ಲಿ ಇರುವ ಮ್ಯೂಸಿಯಂ ಆದರೆ, 90 ಮೈಲಿಗಿಂತ ಆಚೆಯ ಇತರ ಸದಸ್ಯ ಮ್ಯೂಸಿಯಂಗಳಿಗೂ ಸಾಮಾನ್ಯವಾಗಿ ಉಚಿತ ಪ್ರವೇಶ ಸಿಗುತ್ತದೆ.

ಮುಂದಿನ ಸಂಚಿಕೆಯ ಮಕ್ಕಳ ಪುಟವನ್ನು ಇದಕ್ಕಾಗಿಯೇ ಖಾಲಿ ಬಿಟ್ಟಿದ್ದೇವೆ. ತಾವು ಅಜ್ಜಿ ತಾತನಿಗೆ ತೋರಿಸಿದ ಒಂದು ಜಾಗದ ಬಗ್ಗೆ ಮಕ್ಕಳು ಒಂದು ಪುಟ ಬರೆದು ಕಳಿಸಲಿ, ಚಿತ್ರವಾದರೂ ಆಗಬಹುದು. ಕನ್ನಡದಲ್ಲೇ ಇರಲಿ. ಕಾಗುಣಿತ ತಪ್ಪಿದ್ದರೂ ನಾವು ತಿದ್ದುವುದಿಲ್ಲ, ಮಗು ಬರೆದ ಹಾಗೇ ಅಚ್ಚು ಹಾಕುತ್ತೇವೆ.