ತೊಟ್ಟಿ ಒಡೆದಿದೆ, ರೋಹಿಣಿ ಮಳೆಗೆ ಮುಂಚೆ ಕಟ್ಟಿಸಬೇಕು: ಶಾಲಾ ಟ್ರಸ್ಟಿನ ಮನವಿ

ಊರಿನವರಿಗೂ ನಮ್ಮ ಹಳೆಯ ವಿದ್ಯಾರ್ಥಿಗಳಿಗೂ ನಮಸ್ಕಾರ.

ಪ್ರತಿ ವರ್ಷ ವಾರ್ಷಿಕೋತ್ಸವದ ಹೊತ್ತಿಗೆ ನಿಮಗೆ ಕಾಗದ ಬರೆಯುತ್ತಿದ್ದೆವು. ಈ ಸಲ ಅಷ್ಟು ದಿನ ಕಾಯುವ ಹಾಗಿಲ್ಲ. ಕಳೆದ ವರ್ಷ ಚಿತ್ತೆ ಮಳೆಯಲ್ಲಿ ನಮ್ಮ ಮಳೆನೀರಿನ ತೊಟ್ಟಿ ಒಡೆಯಿತು. ರಾತ್ರಿ ಕಂಠದವರೆಗೆ ತುಂಬಿತ್ತು. ಬೆಳಿಗ್ಗೆ ನೋಡಿದರೆ ಮೊಣಕಾಲು ಮಟ್ಟ, ಸಂಜೆಗೆ ತಳ. ಬಿಸಿಯೂಟದ ಅಡುಗೆಯಮ್ಮ ಬಿಂದಿಗೆ ಹಿಡಿದುಕೊಂಡು ಸುಮ್ನೆ ನಿಂತಿದ್ದರು. ನಮಗೂ ಏನು ಹೇಳಬೇಕೋ ತಿಳಿಯಲಿಲ್ಲ.

ತಪ್ಪು ಯಾರದು ಅಂತ ಕೇಳುತ್ತೀರಿ. ಗಾರೆಯವರದ್ದೂ ಇದೆ, ನಮ್ಮದೂ ಇದೆ. ಮಣ್ಣು ತುಂಬಿದ ಜಾಗದಲ್ಲಿ ಪಾಯ ಆಳಕ್ಕೆ ಹೋಗಬೇಕಿತ್ತು. ದುಡ್ಡು ಉಳಿಯಲಿ ಅಂತ ನಾವೇ ಬೇಡ ಅಂದೆವು. ಉಳಿಸಿದ್ದಕ್ಕಿಂತ ಜಾಸ್ತಿ ಈಗ ಕಳೆದುಕೊಂಡಿದ್ದೇವೆ.

ಪಾವಗಡದ ಕಡೆಯವರಿಗೆ ನೀರಿನ ಕಥೆ ಬಿಡಿಸಿ ಹೇಳಬೇಕಿಲ್ಲ. ಬೋರ್ ಆಳಕ್ಕೆ ಹೋದಷ್ಟೂ ಫ್ಲೋರೈಡ್ ಜಾಸ್ತಿ ಅನ್ನುವುದು ನಮ್ಮ ಅನುಭವ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಕುಡಿಯಬಾರದು ಅನ್ನುತ್ತಾರೆ. ಕಾಯಿಸಿದರೂ ಅದು ಹೋಗುವುದಿಲ್ಲ. ಹಲ್ಲು ಬೆಳೆಯುವ ವಯಸ್ಸಿನಲ್ಲಿ ಈ ನೀರು ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ನಿಂತುಬಿಡುತ್ತದೆ. ನಮ್ಮ ಹತ್ತನೇ ಕ್ಲಾಸಿನ ಗ್ರೂಪ್ ಫೋಟೋಗಳನ್ನು ತೆಗೆದು ನೋಡಿ, ಬಾಯಿ ಬಿಟ್ಟು ನಕ್ಕವರು ಎಷ್ಟು ಜನ ಇದ್ದಾರೆ? ಅದರಲ್ಲಿ ನೀವೂ ಇರುತ್ತೀರಿ.

ತೊಟ್ಟಿ ಹೋದ ಮೇಲೆ ಆರ್‌ಒ ಮೆಷಿನ್ನೇ ಗತಿ. ಅದಕ್ಕೆ ನೂರು ಲೀಟರ್ ಬೋರ್ ನೀರು ಹಾಕಿದರೆ ಕುಡಿಯಲು ಸಿಗುವುದು ನಲವತ್ತು ಲೀಟರ್. ಉಳಿದದ್ದು ಉಪ್ಪು, ಫ್ಲೋರೈಡ್ ಎಲ್ಲ ಸೇರಿಸಿಕೊಂಡು ಹಿತ್ತಲಿಗೆ ಹರಿಯುತ್ತಿತ್ತು. ಮಕ್ಕಳು ನೆಟ್ಟ ನುಗ್ಗೆ ಗಿಡಗಳ ಎಲೆ ತುದಿ ಸುಟ್ಟ ಹಾಗಾದ ಮೇಲೆ ನಮಗೆ ಬುದ್ಧಿ ಬಂತು. ಈಗ ಆ ನೀರನ್ನು ಡ್ರಮ್ಮಿನಲ್ಲಿ ಹಿಡಿದು ಶೌಚಾಲಯಕ್ಕೆ ಬಳಸುತ್ತಿದ್ದೇವೆ. ಆದರೂ ನೆಲದಡಿಯಿಂದ ಎತ್ತುವುದು ನಿಂತಿಲ್ಲ, ಮೋಟರಿನ ಕರೆಂಟ್ ಬಿಲ್ಲೂ ಇಳಿದಿಲ್ಲ. ಇನ್ನೊಂದು ನಾಚಿಕೆಯ ಮಾತು. ಮೆಷಿನ್ ಕೆಟ್ಟಿತ್ತು ಅಂತ ಶಾಲೆಯ ಒಂದು ಕಾರ್ಯಕ್ರಮಕ್ಕೆ ಪೇಟೆಯಿಂದ ನೀರಿನ ಬಾಟಲಿ ತರಿಸಿದೆವು. ಪ್ಲಾಸ್ಟಿಕ್ ಬೇಡ ಅಂತ ಮಕ್ಕಳ ಕೈಯಲ್ಲಿ ಭಾಷಣ ಮಾಡಿಸಿದ್ದು ಅದೇ ವೇದಿಕೆಯಲ್ಲಿ. ಖಾಲಿ ಬಾಟಲಿ ಆರಿಸಿದ್ದೂ ಅದೇ ಮಕ್ಕಳು.

ಲೆಕ್ಕ ಸುಲಭ. ಒಂದು ಚದರ ಮೀಟರ್ ತಾರಸಿ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ತಾರಸಿ 220 ಚದರ ಮೀಟರ್ ಆಗುತ್ತದೆ. ವರ್ಷವಿಡೀ ಬರೀ 400 ಮಿ.ಮೀ. ಬಿತ್ತು ಅಂತಲೇ ಇಟ್ಟುಕೊಳ್ಳಿ. ಮೊದಲ ಮಳೆಯ ಕೊಳೆನೀರು, ಆವಿ, ಸೋರಿಕೆ ಎಲ್ಲ ಕಳೆದರೂ 70 ಸಾವಿರ ಲೀಟರ್ ಸಿಗುತ್ತದೆ. 210 ಮಕ್ಕಳು ದಿನಕ್ಕೆ ಒಂದೂವರೆ ಲೀಟರಿನಂತೆ 220 ದಿನ ಕುಡಿದರೆ ಹೆಚ್ಚೂಕಮ್ಮಿ ಅಷ್ಟೇ ಆಯಿತು. ಮಳೆನೀರಿನಲ್ಲಿ ಫ್ಲೋರೈಡಿನ ಕಾಟ ಇಲ್ಲ. ಜಲ್ಲಿ, ಮರಳು, ಇದ್ದಿಲಿನಲ್ಲಿ ಸೋಸಿ, ಬೆಳಕು ಬೀಳದ ಹಾಗೆ ಮುಚ್ಚಿಟ್ಟರೆ ಪಾಚಿಯೂ ಕಟ್ಟುವುದಿಲ್ಲ. ಮೊದಲ ವರ್ಷ ನಾವು ಹಾಗೆಯೇ ಇಟ್ಟಿದ್ದೆವು. ಆ ನೀರಿನಲ್ಲಿ ಬೇಳೆ ಬೇಗ ಬೇಯುತ್ತದೆ ಅಂತ ಅಡುಗೆಯಮ್ಮ ಊರೆಲ್ಲ ಹೇಳಿಕೊಂಡು ಬಂದಿದ್ದರು.

ಈ ಶಾಲೆ ಹುಟ್ಟಿದ ಬಗೆ ನಿಮಗೆ ಗೊತ್ತೇ ಇದೆ. ದೊಡ್ಡ ಮೇಷ್ಟ್ರು ಚೀಲ ಹಿಡಿದು ಮನೆ ಮನೆಗೆ ಹೋಗಿ ಸೇರು ಕಡ್ಲೆಕಾಯಿ ಕೇಳಿದ್ದು, ಅದನ್ನು ಮಾರಿ ಮೊದಲ ಎರಡು ಕೋಣೆ ಎಬ್ಬಿಸಿದ್ದು. ಅವತ್ತು ಕಡ್ಲೆಕಾಯಿ ಕೊಟ್ಟವರ ಮೊಮ್ಮಕ್ಕಳು ಇವತ್ತು ಬೆಂಗಳೂರಿನಲ್ಲಿ ಇಂಜಿನಿಯರು, ತುಮಕೂರಿನಲ್ಲಿ ಡಾಕ್ಟರು. ಮನೆಯಲ್ಲಿ ತೆಲುಗು ಮಾತಾಡುವ ಮಕ್ಕಳು ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ 125ಕ್ಕೆ 120 ತೆಗೆಯುತ್ತಾರೆ. ಕಬಡ್ಡಿಯಲ್ಲಿ ನಮ್ಮ ಹುಡುಗಿಯರು ತಾಲ್ಲೂಕಿನಲ್ಲಿ ಸೋತದ್ದು ಯಾವತ್ತು ಅಂತ ಪಿ.ಟಿ. ಮೇಷ್ಟ್ರೇ ಮರೆತಿದ್ದಾರೆ. ಹೇಳುತ್ತಾ ಹೋದರೆ ತೊಟ್ಟಿಯ ವಿಷಯ ಹಿಂದೆ ಬೀಳುತ್ತದೆ, ಇರಲಿ.

ತಾರಸಿಯೂ ಸೋರುತ್ತಿದೆ. ಎಂಟನೇ ಕ್ಲಾಸಿನಲ್ಲಿ ಮಳೆ ಬಂದರೆ ಬೆಂಚು ಸರಿಸುವುದೇ ಒಂದು ಪೀರಿಯಡ್. ತೊಟ್ಟಿಗೆ ಹೋಗಬೇಕಾದ ನೀರು ಕೋಣೆಯೊಳಗೆ ಇಳಿದರೆ ಏನು ಬಂತು? ಹಾಗಾಗಿ ಎರಡೂ ಕೆಲಸ ಒಟ್ಟಿಗೆ ಆಗಬೇಕು. ಪಾಯ ಹಾಕಿ 50 ಸಾವಿರ ಲೀಟರಿನ ತೊಟ್ಟಿ ಮತ್ತೆ ಕಟ್ಟಿಸಲು ಸುಮಾರು ಮೂರು ಲಕ್ಷ. ತಾರಸಿ ರಿಪೇರಿ, ಪೈಪು, ಸೋಸುವ ಗುಂಡಿಗೆ ಒಂದೂವರೆ ಲಕ್ಷದ ಆಸುಪಾಸು.

ದುಡ್ಡು ಮಿಕ್ಕರೆ ಮೂರು ಕಿಲೋವಾಟ್ ಸೋಲಾರ್ ಹಾಕಿಸುವ ಆಸೆ ಇದೆ. ಅದಕ್ಕೆ ಎರಡು ಲಕ್ಷ ಬೇಕಾಗಬಹುದು. ತಿರುಮಣಿ ಕಡೆ 13 ಸಾವಿರ ಎಕರೆಯಲ್ಲಿ ಫಲಕ ಹಾಸಿ 2,050 ಮೆಗಾವಾಟ್ ಮಾಡುತ್ತಾರೆ. ಅದೇ ತಾಲ್ಲೂಕಿನ ನಮ್ಮ ಶಾಲೆಯಲ್ಲಿ ಮಧ್ಯಾಹ್ನ ಕರೆಂಟ್ ಹೋಗಿ ಮಕ್ಕಳು ನೋಟ್‌ಬುಕ್ಕಿನಲ್ಲಿ ಗಾಳಿ ಬೀಸಿಕೊಳ್ಳುತ್ತಾರೆ. ಮೊದಲು ಹಳೇ ಫ್ಯಾನು ತೆಗೆಯಿರಿ ಅಂತ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಹೇಳಿದ್ದಾರೆ. ಅವು 75 ವಾಟ್ ತಿನ್ನುತ್ತವೆ, ಹೊಸವು 30 ವಾಟಿನಲ್ಲೇ ತಿರುಗುತ್ತವೆ. ಮಾತು ಸರಿ. ಆದರೆ ಮೊದಲು ನೀರು, ಆಮೇಲೆ ಗಾಳಿ.

ಶಾಲೆ ಶುರುವಾಗುವುದು ಮೇ ಕೊನೆಗೆ. ರೋಹಿಣಿ ಮಳೆ ಹುಟ್ಟುವುದೂ ಆಗಲೇ. ಕಾಂಕ್ರೀಟಿಗೆ ಮೂರು ವಾರವಾದರೂ ನೀರುಣಿಸಬೇಕು. ಅಂದರೆ ಯುಗಾದಿ ಮುಗಿದ ಕೂಡಲೇ ಅಗೆತ ಶುರುವಾಗಬೇಕು. ಟ್ರಸ್ಟಿನವರು ಸೇರಿ ಹಾಕಿದ್ದು ಎಪ್ಪತ್ತು ಸಾವಿರ. ನಮ್ಮಲ್ಲಿ ಮೂವರು ಪಿಂಚಣಿಯವರು, ಒಬ್ಬರು ಕಡ್ಲೆಕಾಯಿ ಬಿತ್ತಿ ಎರಡು ವರ್ಷದಿಂದ ಕೈಸುಟ್ಟುಕೊಂಡವರು. ಇದಕ್ಕಿಂತ ಜಾಸ್ತಿ ಆಗಲಿಲ್ಲ.

ನಿಮ್ಮ ಕೈಲಾದದ್ದು ಕೊಡಿ. ದುಡ್ಡೇ ಆಗಬೇಕೆಂದಿಲ್ಲ. ಹತ್ತು ಮೂಟೆ ಸಿಮೆಂಟ್, ಒಂದು ಟ್ರ್ಯಾಕ್ಟರ್ ಜಲ್ಲಿ, ಎರಡು ದಿನದ ಕೂಲಿ, ಎಲ್ಲವೂ ಬೇಕು. ಶಾಲೆಯ ಆಫೀಸಿನಲ್ಲಿ ಗುಮಾಸ್ತರು ಭಾನುವಾರವೂ ಮಧ್ಯಾಹ್ನದವರೆಗೆ ಇರುತ್ತಾರೆ, ರಸೀದಿ ಅಲ್ಲೇ ಬರೆದುಕೊಡುತ್ತಾರೆ. ದಾನಕ್ಕೆ ಆದಾಯ ತೆರಿಗೆ ರಿಯಾಯಿತಿ (80ಜಿ) ಕೇಳುವವರಿಗೆ ಒಂದು ಮಾತು: ಅರ್ಜಿ ಹಾಕಿದ್ದೇವೆ, ಇನ್ನೂ ಬಂದಿಲ್ಲ. ಈ ಸಲ ಪಾಯ ಅಗೆಯುವ ದಿನ ಬಿಡುವಿದ್ದವರು ಬಂದು ಆಳ ಎಷ್ಟಿದೆ ಅಂತ ನೀವೇ ಅಳೆದು ನೋಡಿ.

ಇಂತಿ,
ಶಾಲಾ ಟ್ರಸ್ಟಿನ ಸದಸ್ಯರು