ದಾಬೋಳಿಯ ಪೂರ್ತಿ ಕಥೆ ಹೇಳಿಸಿ: ಗೋವಾ ಮುಖ್ಯಮಂತ್ರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಮುಖ್ಯಮಂತ್ರಿಗಳಿಗೆ,

ನಮಸ್ಕಾರ.

ನಾನು ವಾಸ್ಕೋದಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರು. ನನ್ನ ತರಗತಿಯ ಮಕ್ಕಳ ಅಪ್ಪ ಅಮ್ಮ ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳದ ಕಡೆಯಿಂದ ದುಡಿಯಲು ಬಂದವರು. ಬಂದರು, ಕಟ್ಟಡದ ಕೆಲಸ, ಹೋಟೆಲು, ತರಕಾರಿ ಮಾರ್ಕೆಟ್ಟು, ಎಲ್ಲಿ ನೋಡಿದರೂ ನಮ್ಮವರಿದ್ದಾರೆ. ದಾಬೋಳಿಯ ರನ್‌ವೇ ಇಲ್ಲಿಂದ ದೂರವಿಲ್ಲ. ನೌಕಾಪಡೆಯ ಜೆಟ್ ಮೇಲೆದ್ದರೆ ಪಾಠ ನಿಲ್ಲಿಸಿ ಕಾಯಬೇಕು. ಆಗ ಮಕ್ಕಳು ಕೇಳುವ ಪ್ರಶ್ನೆ ಒಂದೇ: ಇದು ಮಿಲಿಟರಿ ವಿಮಾನ ನಿಲ್ದಾಣವೋ, ಜನರ ವಿಮಾನ ನಿಲ್ದಾಣವೋ?

ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಅದಕ್ಕೇ ಈ ಪತ್ರ.

ನನ್ನ ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ದಾಬೋಳಿ ಟರ್ಮಿನಲ್ಲಿನ ಒಳಗೆ, ಪ್ರಯಾಣಿಕರು ಕಾದು ಕೂರುವ ಜಾಗದಲ್ಲಿ, ಈ ನೆಲದ ಚರಿತ್ರೆಯನ್ನು ಪೂರ್ತಿಯಾಗಿ ಹೇಳುವ ಒಂದು ಕಾಯಂ ಪ್ರದರ್ಶನ ಇರಬೇಕು. ಪೋರ್ಚುಗೀಸರು ಕಟ್ಟಿದ್ದು, ನಮ್ಮ ವಾಯುಪಡೆ ಬಾಂಬು ಹಾಕಿದ್ದು, ನೌಕಾಪಡೆ ವಹಿಸಿಕೊಂಡಿದ್ದು, ಮತ್ತೆ ಜನರ ವಿಮಾನ ಬಂದಿದ್ದು, ಎಲ್ಲವೂ ಅಲ್ಲಿರಬೇಕು. ಯಾರಿಗೋ ಮುಜುಗರ ಆಗುತ್ತದೆ ಅಂತ ಯಾವ ಭಾಗವನ್ನೂ ಬಿಡಬಾರದು.

ಈಗ ನಮ್ಮೂರಿನಲ್ಲಿ ನಡೆಯುತ್ತಿರುವುದು ಅರ್ಧರ್ಧ ಚರಿತ್ರೆಯ ಜಗಳ. ಒಬ್ಬರು ಹೇಳುತ್ತಾರೆ, ಇದು ಗೋವಾದ ನಾಗರಿಕ ವಿಮಾನ ನಿಲ್ದಾಣ, ನೌಕಾಪಡೆ ಬಂದು ಕೂತುಬಿಟ್ಟಿದೆ. ಇನ್ನೊಬ್ಬರು ಹೇಳುತ್ತಾರೆ, ಇದು ಮೊದಲಿಂದಲೂ ಮಿಲಿಟರಿ ಜಾಗ, ಜನರಿಗೆ ಬಿಟ್ಟಿದ್ದೇ ದೊಡ್ಡದು. ಇಬ್ಬರ ಮಾತಿನಲ್ಲೂ ಸ್ವಲ್ಪ ನಿಜವಿದೆ. ಇಬ್ಬರೂ ತಮಗೆ ಬೇಕಾದ ಕಡೆಯಿಂದ ಕಥೆ ಶುರು ಮಾಡುತ್ತಾರೆ, ಅಷ್ಟೇ.

ಕಥೆ ಶುರುವಾಗುವುದು 1950ರ ದಶಕದಲ್ಲಿ. ಗೋವಾ ಬಿಟ್ಟು ಹೋಗಲು ಪೋರ್ಚುಗಲ್ ಒಪ್ಪಲಿಲ್ಲ. 1954ರಿಂದ ಭಾರತ ಗಡಿಯನ್ನು ಬಿಗಿ ಮಾಡುತ್ತಾ ಬಂತು. 1955ರ ಆಗಸ್ಟ್ 15ರಂದು ಗಡಿ ದಾಟಿ ಬಂದ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದರು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಅದಾದ ಮೇಲೆ ಮುರಗಾಂವ್‌ನಿಂದ ಕ್ಯಾಸಲ್‌ರಾಕ್ ದಾಟಿ ಹುಬ್ಬಳ್ಳಿ ಕಡೆ ಹೋಗುತ್ತಿದ್ದ ರೈಲೂ ನಿಂತಿತು. ಇವತ್ತು ಗೋವಾದ ಅಡುಗೆಮನೆಗೆ ತರಕಾರಿ, ಹಾಲು ಬೆಳಗಾವಿಯಿಂದ ಬರುತ್ತದೆ. ಆಗ ಘಟ್ಟದ ಮೇಲಿನ ದಾರಿ ಮುಚ್ಚಿತ್ತು. ಆಲೂಗಡ್ಡೆ ಹಾಲೆಂಡಿನಿಂದ, ಅಕ್ಕಿ ಪಾಕಿಸ್ತಾನದಿಂದ, ಚಹಾ ಸಿಲೋನಿನಿಂದ ಬರುತ್ತಿತ್ತು.

ಈ ಬಿಗಿಯಿಂದ ಪಾರಾಗಲು ಪೋರ್ಚುಗೀಸ್ ಸರ್ಕಾರ ಹುಡುಕಿದ ದಾರಿಗಳಲ್ಲಿ ಒಂದು ದಾಬೋಳಿ. ಹಳ್ಳಿಯ ಸುಮಾರು 249 ಎಕರೆ ನೆಲದಲ್ಲಿ ನಿಲ್ದಾಣ ಎದ್ದಿತು. 1955ರಲ್ಲಿ ವಿಮಾನ ಹಾರಾಟ ಶುರುವಾಯಿತು. ಆಗಿನ ಗವರ್ನರ್ ಜನರಲ್ ಬೆನಾರ್ಡ್ ಗೆದೆಸ್ ಅವರ ಹೆಸರನ್ನೇ ಅದಕ್ಕೆ ಇಟ್ಟರು. ಪೋರ್ಚುಗೀಸ್ ಇಂಡಿಯಾದ್ದೇ ಆದ ಒಂದು ವಿಮಾನ ಸಂಸ್ಥೆಯೂ ಹುಟ್ಟಿತು. ಅದರ ವಿಮಾನಗಳು ದಮನ್, ದಿಯು, ಕರಾಚಿಗೆ ಹಾರುತ್ತಿದ್ದವು. ಸುತ್ತ ಭಾರತವೇ ಇದ್ದರೂ ಭಾರತದ ನೆಲ ಮುಟ್ಟದೆ ಹೋಗಿ ಬರುವುದು ಅವರ ಲೆಕ್ಕ.

ಹೆಸರಿಗೆ ನಾಗರಿಕ ವಿಮಾನ ನಿಲ್ದಾಣ, ನಿಜ. ಆದರೆ ಮುತ್ತಿಗೆಯಲ್ಲಿದ್ದ ವಸಾಹತಿಗೆ ಉಸಿರು ಕೊಡಲು ಕಟ್ಟಿದ್ದು ಅದು. ಹಾಗಾಗಿ ದಾಬೋಳಿಯಲ್ಲಿ ಜನರ ಬಳಕೆ ಮತ್ತು ಯುದ್ಧದ ಲೆಕ್ಕಾಚಾರ ಮೊದಲ ದಿನದಿಂದಲೇ ಒಟ್ಟಿಗಿದ್ದವು ಎಂದು ನನಗನ್ನಿಸುತ್ತದೆ. ಮತ್ತೆ ಆ 249 ಎಕರೆ ಯಾರ ಯಾರ ಗದ್ದೆ, ಯಾರ ಯಾರ ಗೇರು ತೋಟ, ಯಾರ ದನ ಮೇಯುವ ಗುಡ್ಡ? ಇದನ್ನು ಯಾರೂ ಜೋರಾಗಿ ಹೇಳುವುದಿಲ್ಲ. ಪ್ರದರ್ಶನದ ಮೊದಲ ಫಲಕದಲ್ಲಿ ಗವರ್ನರರ ಫೋಟೋಗಿಂತ ಮುಂಚೆ ಆ ಹಳ್ಳಿಯವರ ಮಾತು ಬರಬೇಕು.

ಇನ್ನು 1961ರ ಡಿಸೆಂಬರ್ 18. ಸ್ವಾಮಿ, ಈ ಒಂದು ದಿನವನ್ನೇ ನಾನು ಮಕ್ಕಳಿಗೆ ಒಂದು ವಾರ ಹೇಳಬಲ್ಲೆ.

ಗೋವಾವನ್ನು ಬಿಡಿಸಿಕೊಳ್ಳುವ ಸೇನಾ ಕಾರ್ಯಾಚರಣೆ ಆಪರೇಷನ್ ವಿಜಯ್‌ಗೆ ವಾಯುಪಡೆ ತನ್ನ ಬಲವನ್ನು ಎರಡು ಕಡೆ ಸೇರಿಸಿತ್ತು. ಒಂದು ಪುಣೆ, ಇನ್ನೊಂದು ನಮ್ಮ ಬೆಳಗಾವಿಯ ಸಾಂಬ್ರಾ. ನೆಲದ ಮೇಲಿನ ಸೈನ್ಯ ಮೇಜರ್ ಜನರಲ್ ಕೆ. ಪಿ. ಕ್ಯಾಂಡೆತ್ ಅವರ ಕೈಯಲ್ಲಿತ್ತು. ಬೆಳಿಗ್ಗೆ ವಿಂಗ್ ಕಮಾಂಡರ್ ಎನ್. ಬಿ. ಮೆನನ್ ಮುಂದಾಳತ್ವದಲ್ಲಿ 12 ಕ್ಯಾನ್‌ಬೆರಾ ಬಾಂಬರ್ ವಿಮಾನಗಳು ದಾಬೋಳಿಯ ಮೇಲೆ ಬಂದವು. ಕೆಲವೇ ನಿಮಿಷಗಳಲ್ಲಿ 63,000 ಪೌಂಡ್ ಬಾಂಬು ಬಿತ್ತು. ಅಂದರೆ 28 ಟನ್ನಿಗೂ ಜಾಸ್ತಿ. ಆಮೇಲೆ ಇನ್ನೂ 8 ಕ್ಯಾನ್‌ಬೆರಾಗಳು ಬಂದವು.

ಮಕ್ಕಳು ಇಲ್ಲಿ ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ಆದರೆ ನನಗೆ ಮುಖ್ಯ ಅನಿಸುವುದು ಬಿದ್ದ ಬಾಂಬಿಗಿಂತ ಬೀಳದೆ ಉಳಿದ ಜಾಗ. ರನ್‌ವೇಗೆ ಮಾತ್ರ ಹೊಡೆಯಬೇಕು, ಟರ್ಮಿನಲ್ ಕಟ್ಟಡ ಮತ್ತು ಕಂಟ್ರೋಲ್ ಟವರನ್ನು ಮುಟ್ಟಬಾರದು ಎಂದು ಪೈಲಟ್‌ಗಳಿಗೆ ಹೇಳಿ ಕಳಿಸಿದ್ದರು. ನಾಳೆ ಈ ನಿಲ್ದಾಣ ನಮ್ಮದಾಗುತ್ತದೆ, ನಮ್ಮ ಜನರಿಗೇ ಬೇಕಾಗುತ್ತದೆ ಎಂಬ ತಿಳಿವಳಿಕೆ ಅದರ ಹಿಂದೆ ಇತ್ತಲ್ವಾ? ಯುದ್ಧದ ಮಧ್ಯೆಯೂ ಅಷ್ಟು ಯೋಚನೆ ಮಾಡಿದ್ದರು. ಈ ಸಂಗತಿಯನ್ನು ಗೋವಾಕ್ಕೆ ಬಂದಿಳಿಯುವ ಪ್ರತಿಯೊಬ್ಬರೂ ಓದಬೇಕು.

ಅಲ್ಲಿ ನಿಂತಿದ್ದ ಎರಡು ಪ್ರಯಾಣಿಕ ವಿಮಾನಗಳನ್ನೂ ನಮ್ಮವರು ಮುಟ್ಟಲಿಲ್ಲ. ಒಂದು ಸೂಪರ್ ಕಾನ್‌ಸ್ಟಲೇಷನ್, ಇನ್ನೊಂದು ಡಗ್ಲಾಸ್. ಅವು ಇದ್ದ ಹಾಗೇ ಕೈಗೆ ಸಿಗಲಿ ಎಂಬ ಉದ್ದೇಶ. ಆದರೆ ಹಾಗಾಗಲಿಲ್ಲ. ಬಾಂಬು ಬಿದ್ದ ರನ್‌ವೇಯನ್ನು ಅವಸರದಲ್ಲಿ ಒಂದಿಷ್ಟು ಸರಿಮಾಡಿಕೊಂಡು, ಕತ್ತಲಲ್ಲಿ, ಉಳಿದಿದ್ದ ಉದ್ದದಲ್ಲೇ ಪೋರ್ಚುಗೀಸ್ ಪೈಲಟ್‌ಗಳು ಎರಡನ್ನೂ ಎಬ್ಬಿಸಿಕೊಂಡು ಕರಾಚಿ ಕಡೆ ಹೋಗಿಬಿಟ್ಟರು. ಒಳಗೆ ಅಧಿಕಾರಿಗಳ ಹೆಂಡತಿ ಮಕ್ಕಳಿದ್ದರು. ಎದುರಾಳಿಯ ಧೈರ್ಯವನ್ನು ಹೇಳಿದರೆ ನಮ್ಮ ಗೆಲುವು ಸಣ್ಣದಾಗುವುದಿಲ್ಲ. ಇದನ್ನೂ ಬರೆಸಿ.

ಮರುದಿನ, 19ರ ರಾತ್ರಿ, ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವ ಇದೇ ವಾಸ್ಕೋದಲ್ಲಿ ಶರಣಾದರು. ಕೊನೆಯವರೆಗೂ ಹೋರಾಡಿ ಎಂದು ಲಿಸ್ಬನ್‌ನಿಂದ ಪೋರ್ಚುಗಲ್ಲಿನ ಪ್ರಧಾನಿ ಸಾಲಜಾರ್ ಆಜ್ಞೆ ಕಳಿಸಿದ್ದರೂ ಅವರು ಊರನ್ನು ಸುಡಲಿಲ್ಲ. ನಾವು ಪ್ರತಿ ವರ್ಷ ಡಿಸೆಂಬರ್ 19ಕ್ಕೆ ಧ್ವಜ ಹಾರಿಸುತ್ತೇವೆ, ಮಕ್ಕಳು ಕವಾಯತು ಮಾಡುತ್ತಾರೆ. ಆದರೆ ಆ ಎರಡು ದಿನಗಳ ದೊಡ್ಡ ಪಾಲು ನಡೆದದ್ದು ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಎಂದು ಅವರಿಗೆ ತೋರಿಸಲು ಏನಿದೆ?

1962ರ ಏಪ್ರಿಲಿನಲ್ಲಿ ನಿಲ್ದಾಣ ನೌಕಾಪಡೆಯ ಕೈಗೆ ಬಂತು. ಆಗ ಕ್ಯಾಂಡೆತ್ ಅವರೇ ಗೋವಾದ ಮಿಲಿಟರಿ ಗವರ್ನರ್. ನೌಕಾಪಡೆಯ ವಿಮಾನ ನೆಲೆ ಐಎನ್‌ಎಸ್ ಹಂಸ ಅದಕ್ಕೂ ಮುಂಚೆ, 1961ರ ಸೆಪ್ಟೆಂಬರಿನಲ್ಲಿ, ಕೊಯಮತ್ತೂರಿನ ಹತ್ತಿರದ ಸೂಲೂರಿನಲ್ಲಿ ಶುರುವಾಗಿತ್ತು. ಅದು 1964ರ ಜೂನಿನಲ್ಲಿ ದಾಬೋಳಿಗೆ ಬಂತು. ಯುದ್ಧವಿಮಾನ ಹೊತ್ತ ಹಡಗು ಐಎನ್‌ಎಸ್ ವಿಕ್ರಾಂತ್ ಆಗಷ್ಟೇ ಸೇವೆಗೆ ಸೇರಿತ್ತು. ಹಡಗು ಬಂದರಿಗೆ ಬಂದಾಗ ಅದರ ವಿಮಾನಗಳಿಗೆ ಸಮುದ್ರದ ಹತ್ತಿರವೇ ಒಂದು ನೆಲೆ ಬೇಕಿತ್ತು. ಹಾಳಾದ ರನ್‌ವೇಯನ್ನು ದುರಸ್ತಿ ಮಾಡಿ ಜೆಟ್ ಇಳಿಯುವ ಹಾಗೆ ಮಾಡಿದ್ದು ನೌಕಾಪಡೆಯೇ. ಅದಾದ ಮೇಲೆಯೇ, 1966ರಲ್ಲಿ, ಇಂಡಿಯನ್ ಏರ್‌ಲೈನ್ಸ್ ಇಲ್ಲಿಗೆ ಬರಲು ಶುರು ಮಾಡಿತು. ಇವತ್ತಿನ ಪ್ರವಾಸೋದ್ಯಮ, ಟ್ಯಾಕ್ಸಿ, ಹೋಟೆಲು, ಅದರಲ್ಲಿ ದುಡಿಯುವ ನಮ್ಮ ಕನ್ನಡದವರ ಅನ್ನ, ಎಲ್ಲವೂ ಆ ದುರಸ್ತಿಯಾದ ರನ್‌ವೇ ಮೇಲೆಯೇ ಬೆಳೆದದ್ದು.

ಹಾಗಂತ ನೌಕಾಪಡೆಗೆ ಜೈ ಅಂದು ಸುಮ್ನೆ ಕೂರುವುದೂ ಸರಿಯಲ್ಲ. ವಾರದ ದಿನಗಳಲ್ಲಿ ಬೆಳಗಿನ ಹೊತ್ತು ತರಬೇತಿಗೆ ಮೀಸಲಿಟ್ಟಿದ್ದರಿಂದ ಪ್ರಯಾಣಿಕ ವಿಮಾನಗಳು ವರ್ಷಾನುಗಟ್ಟಲೆ ಮಧ್ಯಾಹ್ನ, ರಾತ್ರಿಗಳಲ್ಲಿ ಒತ್ತಿಕೊಂಡು ಬಂದವು. ನೆಲೆ ಮೊದಲಿದ್ದ 249 ಎಕರೆಯ ಹಲವು ಪಟ್ಟು ಬೆಳೆಯಿತು. ಸುತ್ತಲಿನ ಹಳ್ಳಿಗಳಿಗೆ ದಾರಿ, ಕಟ್ಟಡ, ಗುಡ್ಡ, ಎಲ್ಲದರಲ್ಲೂ ಕಟ್ಟುಪಾಡು ಬಂತು. ಹಳ್ಳಿಯವರ ಸಿಟ್ಟಿಗೆ ಕಾರಣವಿದೆ. ಆ ಸಿಟ್ಟೂ ಚರಿತ್ರೆಯ ಭಾಗವೇ.

ಹೆಮ್ಮೆಪಡುವ ಸಂಗತಿಗಳಿಗೂ ಕೊರತೆಯಿಲ್ಲ. ಸೀ ಹ್ಯಾರಿಯರ್ ವಿಮಾನಗಳು 2016ರಲ್ಲಿ ನಿವೃತ್ತಿಯಾಗುವವರೆಗೂ ಇಲ್ಲಿಂದಲೇ ಹಾರಿದವು. ಹಡಗಿನ ಡೆಕ್ಕಿನಂತೆಯೇ ಕಟ್ಟಿದ ಪರೀಕ್ಷಾ ಜಾಗ ಇಲ್ಲಿದೆ. ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್ ಯುದ್ಧವಿಮಾನದ ನೌಕಾ ಮಾದರಿ, 2019ರ ಸೆಪ್ಟೆಂಬರಿನಲ್ಲಿ ಇಳಿದು, ಅಡ್ಡ ಕಟ್ಟಿದ ತಂತಿಗೆ ಕೊಕ್ಕೆ ಹಾಕಿ ಮೊದಲ ಸಲ ನಿಂತಿದ್ದು ಅಲ್ಲೇ. ಈ ವಿಷಯ ಹೇಳಿದಾಗ ನಮ್ಮ ಮಕ್ಕಳ ಮುಖ ಅರಳುತ್ತದೆ.

ಇದನ್ನೆಲ್ಲ ಈಗಲೇ ಯಾಕೆ ಕೇಳುತ್ತಿದ್ದೇನೆ? ಎರಡು ಕಾರಣ.

2023ರ ಜನವರಿಯಲ್ಲಿ ಪೆಡ್ಣೆಯ ಮೋಪಾದಲ್ಲಿ ಹೊಸ ವಿಮಾನ ನಿಲ್ದಾಣ ಶುರುವಾಯಿತು. ಕೆಲವು ವಿಮಾನ ಸಂಸ್ಥೆಗಳು ಅಲ್ಲಿಗೆ ಹೋದವು. ದಾಬೋಳಿ ಮುಚ್ಚುವುದಿಲ್ಲ ಎಂದು ಸರ್ಕಾರ ಹೇಳುತ್ತಿದೆ. ದಕ್ಷಿಣ ಗೋವಾದವರ ಆತಂಕ ಮಾತ್ರ ಹೋಗಿಲ್ಲ. ಆ ವಾದ ಇಲ್ಲಿ ಬೇಡ. ಆದರೆ ಇಂಥ ಬದಲಾವಣೆಯ ಹೊತ್ತಿನಲ್ಲೇ ಹಳೆಯ ನಕ್ಷೆ, ಫೋಟೋ, ಫಲಕ, ಕಡತಗಳು ಕಳೆದುಹೋಗುವುದು. ಯಾರೋ ಕೋಣೆ ಖಾಲಿ ಮಾಡುತ್ತಾರೆ, ಗುಜರಿಗೆ ಹಾಕುತ್ತಾರೆ. ಕೇಳುವವರೇ ಇರುವುದಿಲ್ಲ.

ಎರಡನೆಯದು ವಯಸ್ಸು. 1961ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತೈದರ ಹತ್ತಿರ. ದಾಬೋಳಿ, ಚಿಖಲಿ, ಬೋಗ್ಮಾಳೋ ಕಡೆ ಬಾಂಬಿನ ಸದ್ದು ಕೇಳಿದ ಕಿವಿಗಳು ಇನ್ನೂ ಇವೆ. ರನ್‌ವೇಗೆ ಮಣ್ಣು ಹೊತ್ತವರ ಮಕ್ಕಳಿದ್ದಾರೆ. ಅವರನ್ನು ಕೂರಿಸಿ, ಅವರದೇ ಕೊಂಕಣಿಯಲ್ಲಿ ಮಾತು ದಾಖಲು ಮಾಡಿಕೊಳ್ಳಲು ಈಗ ಬಿಟ್ಟರೆ ಮತ್ತೆ ಸಮಯವಿಲ್ಲ. ಇದಕ್ಕೆ ಕೋಟಿಗಟ್ಟಲೆ ದುಡ್ಡು ಬೇಡ. ಒಂದು ಕ್ಯಾಮೆರಾ, ತಾಳ್ಮೆ ಇರುವ ನಾಲ್ಕು ಹುಡುಗರು ಸಾಕು.

ಭದ್ರತೆಯ ಮಾತು ಬರಬಹುದು. ನೌಕಾ ನೆಲೆಯ ಬಗ್ಗೆ ಎಲ್ಲ ಬಯಲು ಮಾಡಲು ಆಗುವುದಿಲ್ಲ ಎಂದು ಅಧಿಕಾರಿಗಳು ಹೇಳಬಹುದು. ನಾನು ಕೇಳುತ್ತಿರುವುದು ಇವತ್ತಿನ ಹ್ಯಾಂಗರಿನ ಗುಟ್ಟಲ್ಲ, ಆರು ದಶಕದ ಹಿಂದಿನ ಚರಿತ್ರೆ. ಅಷ್ಟಕ್ಕೂ ನೌಕಾಪಡೆಯೇ 1998ರಲ್ಲಿ ಬೋಗ್ಮಾಳೋ ರಸ್ತೆಯಲ್ಲಿ ತನ್ನ ವೈಮಾನಿಕ ಮ್ಯೂಸಿಯಂ ತೆರೆದಿದೆ. ಸೀ ಹಾಕ್, ಆಲಿಝೆ ವಿಮಾನಗಳನ್ನು ನಮ್ಮ ಮಕ್ಕಳು ಅಲ್ಲಿ ಹತ್ತಿರದಿಂದ ನೋಡಿದ್ದಾರೆ. ಅಲ್ಲಿ ಒಂದು ಸೂಪರ್ ಕಾನ್‌ಸ್ಟಲೇಷನ್ ಕೂಡ ನಿಂತಿದೆ. ಅದು ನಮ್ಮ ಏರ್ ಇಂಡಿಯಾದಿಂದ ವಾಯುಪಡೆಗೆ, ಅಲ್ಲಿಂದ ನೌಕಾಪಡೆಗೆ ಬಂದದ್ದು. ಆದರೆ 1961ರ ಆ ರಾತ್ರಿ ತಪ್ಪಿಸಿಕೊಂಡು ಹೋದದ್ದೂ ಇದೇ ಜಾತಿಯ ವಿಮಾನ. ಅಷ್ಟು ದೊಡ್ಡ ವಿಮಾನ ಹೊಡೆತ ತಿಂದ ರನ್‌ವೇಯಿಂದ ಹೇಗೆ ಎದ್ದಿತು ಎಂದು ಅದರ ಕೆಳಗೆ ನಿಂತಾಗ ಗೊತ್ತಾಗುತ್ತದೆ. ಟರ್ಮಿನಲ್ಲಿನ ಪ್ರದರ್ಶನ ನೋಡಿದವರಿಗೆ ಮ್ಯೂಸಿಯಂಗೆ ಹೋಗಿ ಎಂದು ಒಂದು ಬಾಣದ ಗುರುತು ಹಾಕಿದರೂ ಸಾಕು, ಮ್ಯೂಸಿಯಂಗೂ ಜನ ಜಾಸ್ತಿಯಾಗುತ್ತಾರೆ.

ಇನ್ನೊಂದು ಮಾತು. ಕನ್ನಡಿಗನಾಗಿ ನನಗಿದು ಹತ್ತಿರದ ವಿಷಯ. ಹಂಸ ನೆಲೆ ಕಾರವಾರಕ್ಕೆ ಹೋಗಲಿ ಎಂಬ ಮಾತು ಗೋವಾದಲ್ಲಿ ಆಗಾಗ ಏಳುತ್ತದೆ. ಕಾರವಾರದವರು ನೌಕಾಪಡೆಯ ಸೀಬರ್ಡ್ ಯೋಜನೆಗೆ ಈಗಾಗಲೇ ಊರು, ಗದ್ದೆ, ಕಡಲತೀರ ಬಿಟ್ಟುಕೊಟ್ಟಿದ್ದಾರೆ. ಅಂಕೋಲೆಯ ಅಲಗೇರಿಯಲ್ಲಿ ನೌಕಾಪಡೆಯ ವಿಮಾನ ನೆಲೆಗೆ ಜಮೀನು ಹೋಗುತ್ತಿದೆ. ಅಲ್ಲೂ ಜನರ ವಿಮಾನ ಬರುತ್ತದೆ ಎಂಬ ಮಾತಿದೆ. ಒಂದೇ ರನ್‌ವೇಯನ್ನು ಮಿಲಿಟರಿ ಮತ್ತು ಜನ ಹಂಚಿಕೊಂಡರೆ ಏನೇನಾಗುತ್ತದೆ ಎಂದು ತಿಳಿಯಲು ಅಲಗೇರಿಯವರಿಗೆ ದಾಬೋಳಿಗಿಂತ ಒಳ್ಳೆಯ ಪಾಠ ಬೇರೆಲ್ಲಿದೆ? ಅದು ಬರೆದಿಟ್ಟರೆ ತಾನೇ ಓದುವುದು.

ಟರ್ಮಿನಲ್ ಕೇಂದ್ರದ ವಿಮಾನ ನಿಲ್ದಾಣ ಪ್ರಾಧಿಕಾರದ್ದು, ರನ್‌ವೇ ನೌಕಾಪಡೆಯದ್ದು ಎಂದು ನನಗೆ ಗೊತ್ತು. ಆದರೆ ಪಣಜಿಯ ಪತ್ರಾಗಾರ ನಿಮ್ಮದು. ಪೋರ್ಚುಗೀಸರ ಕಾಲದ ಸರ್ಕಾರಿ ಕಡತಗಳಲ್ಲಿ ದಾಬೋಳಿಯ ನೆಲಕ್ಕೆ ಸಂಬಂಧಿಸಿದ್ದನ್ನು ಹುಡುಕಿಸಿ, ಅನುವಾದ ಮಾಡಿಸುವ ಆಜ್ಞೆಗೆ ದೆಹಲಿಯ ಒಪ್ಪಿಗೆ ಬೇಕಿಲ್ಲ. ಪ್ರಾಧಿಕಾರದವರನ್ನೂ ಹಂಸದ ಅಧಿಕಾರಿಗಳನ್ನೂ ಹಳ್ಳಿಯ ಪ್ರತಿನಿಧಿಗಳನ್ನೂ ಒಂದೇ ಮೇಜಿಗೆ ಕರೆಯುವ ಶಕ್ತಿ ನಿಮ್ಮ ಕುರ್ಚಿಗಿದೆ. ಮುಂದಿನ ವಿಮೋಚನಾ ದಿನದ ಒಳಗೆ ಆ ಒಂದು ಸಭೆಯನ್ನಾದರೂ ಕರೆಯಿರಿ.

ಫಲಕಗಳು ಕೊಂಕಣಿ, ಮರಾಠಿ, ಹಿಂದಿ, ಇಂಗ್ಲಿಷಿನ ಜೊತೆ ಕನ್ನಡದಲ್ಲೂ ಇರಲಿ. ಈ ಊರಿನ ಗೋಡೆ ಕಟ್ಟಿದವರಲ್ಲಿ ನಮ್ಮವರೂ ಇದ್ದಾರೆ. ಕನ್ನಡಕ್ಕೆ ತರುವ ಕೆಲಸವನ್ನು ನಾನು ದುಡ್ಡು ತೆಗೆದುಕೊಳ್ಳದೆ ಮಾಡಿಕೊಡುತ್ತೇನೆ. ಹಳ್ಳಿ ಹಿರಿಯರ ಮಾತು ದಾಖಲಿಸಲು ರಜಾದಿನಗಳಲ್ಲಿ ಬರಲು ನಮ್ಮ ಹಳೆಯ ವಿದ್ಯಾರ್ಥಿಗಳು ಸಿದ್ಧರಿದ್ದಾರೆ. ಅವರಲ್ಲಿ ಕೊಂಕಣಿಯನ್ನು ಮನೆಮಾತಿನಷ್ಟೇ ಚೆನ್ನಾಗಿ ಆಡುವವರು ಬಹಳ ಜನ. ಈ ಪತ್ರದ ಕೊಂಕಣಿ ಪ್ರತಿಯನ್ನು ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಯಾವ ಅಧಿಕಾರಿಯನ್ನು ಕಾಣಬೇಕು ಎಂದು ತಿಳಿಸಿದರೆ ಬಂದು ಕಾಣುತ್ತೇನೆ.

ಇತಿ ತಮ್ಮ ವಿಶ್ವಾಸಿ,
ವಾಸ್ಕೋದ ಒಬ್ಬ ಕನ್ನಡ ಮೇಷ್ಟ್ರು